ಕಳ್ಳನನ್ನು ಹುಡುಕಿದರೆ ಕಳ್ಳಿ ಸಿಗುತ್ತದೆ: ಕನ್ನಡ ವಿಕಿಪೀಡಿಯದ ಕಾವಲು ಕೆಲಸ

ಕೇಳುಗರಿಗೆ ನಮಸ್ಕಾರ.

ಕನ್ನಡ ವಿಕಿಪೀಡಿಯ ಶುರುವಾದದ್ದು 2003ರ ಜೂನ್ ತಿಂಗಳಲ್ಲಿ. ಇವತ್ತು ಅಲ್ಲಿ 30,000ಕ್ಕೂ ಹೆಚ್ಚು ಲೇಖನಗಳಿವೆ. ಅವುಗಳನ್ನು ಯಾರು ಬೇಕಾದರೂ ತಿದ್ದಬಹುದು ಎನ್ನುವುದು ನಿಮಗೆಲ್ಲ ಗೊತ್ತಿರುತ್ತದೆ. ತಿದ್ದಿದ್ದು ಯಾರ ಒಪ್ಪಿಗೆಗೂ ಕಾಯದೆ ಆ ಕ್ಷಣವೇ ಓದುಗರ ಮುಂದೆ ಬಂದುಬಿಡುತ್ತದೆ ಎನ್ನುವುದು ಅಷ್ಟಾಗಿ ಗೊತ್ತಿರಲಾರದು. ಜರ್ಮನ್ ಭಾಷೆಯ ವಿಕಿಪೀಡಿಯದಲ್ಲಿ ಹೊಸಬರು ತಿದ್ದಿದ್ದನ್ನು ಅನುಭವಸ್ಥರೊಬ್ಬರು ನೋಡಿ ಗುರುತು ಹಾಕಿದ ಮೇಲೆಯೇ ಎಲ್ಲರಿಗೂ ಕಾಣಿಸುವ ಏರ್ಪಾಡು 2008ರಿಂದ ಇದೆ. ಕನ್ನಡದಲ್ಲಿ ಹಾಗಿಲ್ಲ. ಇಲ್ಲಿ ಮೊದಲು ಪ್ರಕಟಣೆ, ಆಮೇಲೆ ಪರಿಶೀಲನೆ. ಯಾರೋ ಒಬ್ಬರು ರಾತ್ರಿ ಎರಡು ಗಂಟೆಗೆ ಒಂದು ಊರಿನ ಪುಟದಲ್ಲಿ ಪಕ್ಕದ ಮನೆಯವರ ಹೆಸರು ಹಿಡಿದು ಬೈದು ಹೋದರೆ, ಇನ್ನೊಬ್ಬರು ನೋಡಿ ತೆಗೆಯುವವರೆಗೆ ಅದು ಅಲ್ಲೇ ಇರುತ್ತದೆ.

ನೋಡುವುದು ಎಲ್ಲಿಂದ? 'ಇತ್ತೀಚೆಗಿನ ಬದಲಾವಣೆಗಳು' ಎಂಬ ಪುಟದಿಂದ. ಯಾವ ಲೇಖನ, ಎಷ್ಟು ಹೊತ್ತಿಗೆ, ಯಾರು ತಿದ್ದಿದರು, ಎಷ್ಟು ಬೈಟ್ ಸೇರಿತು ಅಥವಾ ಹೋಯಿತು, ಇಷ್ಟನ್ನೂ ಅದು ಸಾಲುಸಾಲಾಗಿ ತೋರಿಸುತ್ತದೆ. ಈ ಬೈಟ್ ಲೆಕ್ಕವನ್ನು ಓದಲು ಕಲಿಯಬೇಕು. ಕನ್ನಡದ ಒಂದೊಂದು ಚಿಹ್ನೆಗೂ ಕಂಪ್ಯೂಟರಿನಲ್ಲಿ 3 ಬೈಟ್ ಜಾಗ ಬೇಕು. 'ಕನ್ನಡ' ಎಂದು ಬರೆದರೆ ಕ, ನ, ಒತ್ತಕ್ಷರ ಮಾಡುವ ಹಲಂತದ ಚಿಹ್ನೆ, ಮತ್ತೊಂದು ನ, ಡ, ಹೀಗೆ ಐದು ಚಿಹ್ನೆ, 15 ಬೈಟ್. ಒಂದೇ ಏಟಿಗೆ ನಾಲ್ಕೈದು ಸಾವಿರ ಬೈಟ್ ಮಾಯವಾಗಿದ್ದರೆ ಯಾರೋ ಪುಟ ಅಳಿಸಿದ್ದಾರೆಂದು ದೂರದಿಂದಲೇ ತಿಳಿಯುತ್ತದೆ. ಅದು ಸುಲಭದ ಕೇಸು. ಕಷ್ಟದ್ದು ಯಾವುದೆಂದರೆ ವ್ಯತ್ಯಾಸ ಸೊನ್ನೆ ಎಂದು ತೋರಿಸುವ ಸಾಲು. ಕರ್ನಾಟಕ ಏಕೀಕರಣದ 1956ನ್ನು ಯಾರಾದರೂ 1965 ಮಾಡಿದರೆ ಒಂದು ಬೈಟೂ ಹೆಚ್ಚು ಕಡಿಮೆ ಆಗುವುದಿಲ್ಲ. ಬೈಗುಳ ಓದುಗರಿಗೇ ಕಾಣುತ್ತದೆ, ಅವರು ಅದನ್ನು ನಂಬುವುದಿಲ್ಲ. ತಪ್ಪು ಇಸವಿಯನ್ನು ನಂಬುತ್ತಾರೆ, ಮಕ್ಕಳು ಶಾಲೆಯ ಪ್ರಾಜೆಕ್ಟಿಗೆ ಬರೆದುಕೊಂಡು ಹೋಗುತ್ತಾರೆ. ಆದ್ದರಿಂದ ಸೊನ್ನೆ ತೋರಿಸುವ ಸಾಲನ್ನು ದಾಟಿ ಹೋಗಬಾರದು.

ಇನ್ನೊಂದು ಮಾತು. ಈ ಪಟ್ಟಿಯಲ್ಲಿ ಒಂದು ಬದಲಾವಣೆ ಉಳಿಯುವುದು 30 ದಿನ ಮಾತ್ರ. ಅಷ್ಟರೊಳಗೆ ಯಾರ ಕಣ್ಣಿಗೂ ಬೀಳದಿದ್ದರೆ ಅದು ಪಟ್ಟಿಯಿಂದ ಜಾರಿ, ಆ ಲೇಖನದ ಇತಿಹಾಸದಲ್ಲಷ್ಟೇ ಉಳಿಯುತ್ತದೆ. ಆಮೇಲೆ ಅದನ್ನು ಪತ್ತೆ ಮಾಡಬೇಕಾದರೆ ಯಾರಾದರೂ ಆ ಪುಟವನ್ನೇ ಹುಡುಕಿಕೊಂಡು ಹೋಗಿ ಓದಬೇಕು.

ಅನುಮಾನ ಬಂದ ಸಾಲು ಸಿಕ್ಕಿತು ಎನ್ನಿ. ಮೊದಲು ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ತೋರಿಸುವ ವ್ಯತ್ಯಾಸದ ಪುಟ ತೆರೆಯಬೇಕು. ಆಮೇಲೆ ತಿದ್ದಿದವರ ಉಳಿದ ಕೊಡುಗೆಗಳನ್ನು ನೋಡಬೇಕು. ಒಂದೇ ಸಂಜೆ ಹತ್ತು ಪುಟಗಳಲ್ಲಿ ಹತ್ತು ಇಸವಿ ಬದಲಾಯಿಸಿದ್ದರೆ ಅದರ ಅರ್ಥ ಬೇರೆ, ತನ್ನೂರಿನ ಪುಟದಲ್ಲಿ ಒಂದೇ ಒಂದು ಸಾಲು ಸೇರಿಸಿದ್ದರೆ ಅದರ ಅರ್ಥ ಬೇರೆ. ಬಳಿಕ ಪಕ್ಕದಲ್ಲಿ ಉಲ್ಲೇಖ ಕೊಟ್ಟಿದ್ದರೆ ಅದನ್ನು ತೆರೆದು ಓದಬೇಕು. ಉಲ್ಲೇಖದ ಕೊಂಡಿ ಇದೆ ಅಂದಮಾತ್ರಕ್ಕೆ ಬರೆದದ್ದು ಅದರೊಳಗೆ ಇದೆ ಎಂದಲ್ಲ. ತಪ್ಪು ಎಂದು ಖಚಿತವಾದ ಮೇಲೆಯೇ ವಜಾ ಮಾಡಬೇಕು, ಅಂದರೆ ಆ ಬದಲಾವಣೆಯನ್ನು ರದ್ದು ಮಾಡಬೇಕು, ಯಾಕೆ ಎಂದು ಸಾರಾಂಶದ ಜಾಗದಲ್ಲಿ ಒಂದು ಸಾಲು ಬರೆಯಬೇಕು.

ಇಲ್ಲೇ ಹೊಸ ಕಾವಲುಗಾರರು ಎಡವುವುದು. ಕೊನೆಯ ಬದಲಾವಣೆಯನ್ನು ವಜಾ ಮಾಡಿ, ಪುಟ ಸರಿಹೋಯಿತು ಎಂದುಕೊಂಡು ಹೊರಡುತ್ತಾರೆ. ಆದರೆ ಕಿಡಿಗೇಡಿತನ ಹಲವು ಸಲ ಎರಡು ಪದರದ್ದು. ಒಂದು ಖಾತೆಯಿಂದ ಸುಳ್ಳು ಸೇರಿಸಿ, ಅದರ ಮೇಲೆ ಮತ್ತೊಂದು ಖಾತೆಯಿಂದ ಎದ್ದು ಕಾಣುವ ಹಾಗೆ ಏನೋ ಗೀಚಿರುತ್ತಾರೆ. ನೀವು ಗೀಚಿದ್ದನ್ನು ಒರೆಸುತ್ತೀರಿ, ಕೆಳಗಿನ ಸುಳ್ಳು ಉಳಿದುಕೊಳ್ಳುತ್ತದೆ. ಅಷ್ಟೇ ಅಲ್ಲ, ಪುಟವನ್ನು ಕೊನೆಯದಾಗಿ ಮುಟ್ಟಿದವರು ನೀವು, ನಿಮ್ಮ ಖಾತೆ ಹಳೆಯದು, ಆದ್ದರಿಂದ ಮುಂದೆ ಬರುವವರು ಆ ಪುಟವನ್ನು ನೋಡುವುದೇ ಇಲ್ಲ. ಅದಕ್ಕೇ ಇತಿಹಾಸ ತೆರೆದು, ಕೊನೆಯ ಒಳ್ಳೆಯ ಆವೃತ್ತಿ ಯಾವುದು ಎಂದು ಗುರುತಿಸಿ, ಅಲ್ಲಿಂದ ಇಲ್ಲಿಯವರೆಗಿನ ವ್ಯತ್ಯಾಸವನ್ನು ಒಟ್ಟಿಗೆ ನೋಡಬೇಕು. ನಿರ್ವಾಹಕರ, ಅಂದರೆ ಹೆಚ್ಚಿನ ಅಧಿಕಾರವಿರುವ ಸ್ವಯಂಸೇವಕರ, ಕೈಯಲ್ಲಿ ಒಂದೇ ಒತ್ತಿಗೆ ಹಿಂದಕ್ಕೆ ಮರಳಿಸುವ ಗುಂಡಿ ಇರುತ್ತದೆ. ಅದು ಸಹ ಕೊನೆಯ ಬಳಕೆದಾರ ಸಾಲಾಗಿ ಮಾಡಿದ ಬದಲಾವಣೆಗಳನ್ನಷ್ಟೇ ತೆಗೆಯುತ್ತದೆ, ಅವರಿಗಿಂತ ಹಿಂದಿನವರದ್ದನ್ನಲ್ಲ.

ಇಷ್ಟೆಲ್ಲ ಕಷ್ಟ ಯಾಕೆ, ಕೆಟ್ಟ ಪದಗಳ ಪಟ್ಟಿಯೊಂದನ್ನು ಯಂತ್ರಕ್ಕೆ ಕೊಟ್ಟರೆ ಸಾಲದೆ ಎಂದು ಕೇಳಬಹುದು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಕ್ಲೂಬಾಟ್ ಎನ್‌ಜಿ ಎಂಬ ಬಾಟ್, ಅಂದರೆ ತಾನಾಗಿ ಕೆಲಸ ಮಾಡುವ ಪ್ರೋಗ್ರಾಂ, 2010ರಿಂದ ಕೆಟ್ಟ ತಿದ್ದುಪಡಿಗಳನ್ನು ಹಿಂದಕ್ಕೆ ಮರಳಿಸುತ್ತಿದೆ; ಅದು ಬರೀ ಪದಗಳ ಪಟ್ಟಿಯನ್ನು ನಂಬದೆ, ಹಳೆಯ ಉದಾಹರಣೆಗಳಿಂದ ಕಲಿತು ಕೆಲಸ ಮಾಡುತ್ತದೆ. ಕನ್ನಡಕ್ಕೆ ಬಂದಾಗ ಲಿಪಿಯೇ ಅಡ್ಡ ನಿಲ್ಲುತ್ತದೆ. 'ಕಳ್ಳ' ಎಂಬ ಪದವನ್ನು ತಡೆಯಿರಿ ಎಂದು, ತಿದ್ದಿದ್ದು ಉಳಿಯುವ ಮೊದಲೇ ಅದನ್ನು ಪರೀಕ್ಷಿಸುವ ಫಿಲ್ಟರಿಗೆ ಹೇಳಿದಿರಿ ಎನ್ನಿ. ನಮ್ಮ ಕಣ್ಣಿಗೆ 'ಳ್ಳ' ಒಂದಕ್ಷರ, 'ಳ್ಳಿ' ಇನ್ನೊಂದು. ಯಂತ್ರಕ್ಕೆ 'ಳ್ಳಿ' ಎಂದರೆ ಅದೇ 'ಳ್ಳ'ದ ಹಿಂದೆ ಒಂದು ಗುಡಿಸು. ಹಾಗಾಗಿ ಕಳ್ಳನನ್ನು ಹಿಡಿಯಲು ಹೋದ ಫಿಲ್ಟರು ಪಾಪಾಸುಕಳ್ಳಿಯ ಪುಟವನ್ನು ತಿದ್ದಲು ಬಂದ ಸಸ್ಯಶಾಸ್ತ್ರದ ಮೇಷ್ಟ್ರನ್ನು ಹಿಡಿಯುತ್ತದೆ. 'ಕತ್ತೆ' ಎಂದು ಹಾಕಿದರೆ ಕತ್ತೆಕಿರುಬ ಸಿಕ್ಕಿಬೀಳುತ್ತದೆ, 'ಹಂದಿ' ಎಂದು ಹಾಕಿದರೆ ಮುಳ್ಳುಹಂದಿ. ಪೂರ್ತಿ ಪದ ಹೊಂದಿದರೆ ಮಾತ್ರ ತಡೆ ಎಂದರೆ ಅದೂ ನಡೆಯದು, ಏಕೆಂದರೆ ನಮ್ಮ ಪದಗಳು ಒಂಟಿಯಾಗಿ ಬರುವುದೇ ಕಡಿಮೆ. ಕಳ್ಳನನ್ನು, ಕಳ್ಳನಿಗೆ, ಕಳ್ಳರಿಂದ, ಕಳ್ಳನಂತೆ ಎಂದು ಬಾಲ ಬೆಳೆಸಿಕೊಂಡೇ ಬರುತ್ತವೆ.

ತಪ್ಪಿಸಿಕೊಳ್ಳುವ ದಾರಿಗಳೂ ನಮ್ಮ ಲಿಪಿಯಲ್ಲಿ ಬೇಕಾದಷ್ಟಿವೆ. ಅನುಸ್ವಾರವನ್ನು ನಾವು ಸೊನ್ನೆ ಎಂದೇ ಕರೆಯುತ್ತೇವೆ, ಕನ್ನಡದ ಅಂಕಿ ಸೊನ್ನೆಯೂ ನೋಡಲು ಹಾಗೇ ಇರುತ್ತದೆ. ಯಂತ್ರಕ್ಕೆ ಇವೆರಡೂ ಬೇರೆ ಬೇರೆ ಸಂಕೇತ. ಒಂದರ ಜಾಗದಲ್ಲಿ ಇನ್ನೊಂದನ್ನು ಕೀಲಿಸಿದರೆ ಓದುವವರಿಗೆ ಅದೇ ಬೈಗುಳ, ಫಿಲ್ಟರಿಗೆ ಅದು ಕಂಡರಿಯದ ಪದ. ಅರ್ಧಾಕ್ಷರವನ್ನು ಬಿಡಿಸಿ ಬರೆಯಲು ಬಳಸುವ ಕಣ್ಣಿಗೆ ಕಾಣದ ಚಿಹ್ನೆಯೊಂದಿದೆ, ಅದನ್ನು ಪದದ ನಡುವೆ ತುರುಕಿದರೂ ಇದೇ ಕಥೆ. ಇನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುವವರದ್ದು ಬೇರೆಯದೇ ಲೋಕ. ಕತ್ತೆ ಎಂದು ಬರೆದರೂ ಕಟ್ಟೆ ಎಂದು ಬರೆದರೂ ಕೆ, ಎ, ಟಿ, ಟಿ, ಇ. ಕನ್ನಡ ವಿಕಿಪೀಡಿಯದ ಸಮುದಾಯ ಸೇರಿ ಮಾತಾಡುವ ಪುಟಕ್ಕೆ 'ಅರಳಿ ಕಟ್ಟೆ' ಎಂದು ಹೆಸರಿದೆ ಎನ್ನುವುದನ್ನು ಇಲ್ಲಿ ನೆನಪಿಸಿಕೊಳ್ಳಿ.

ಹಾಗೆಂದು ಫಿಲ್ಟರ್ ಬೇಡವೆಂದಲ್ಲ. ಅದನ್ನು ಕಟ್ಟುವುದಕ್ಕೆ ಕ್ರಮವಿದೆ. ಹೊಸ ಫಿಲ್ಟರನ್ನು ಮೊದಲು ಯಾರನ್ನೂ ತಡೆಯದೆ, ಸುಮ್ಮನೆ ದಾಖಲಿಸಿಕೊಳ್ಳುವ ಸ್ಥಿತಿಯಲ್ಲಿ ಕೆಲವು ದಿನ ಓಡಿಸಬೇಕು. ಸಿಕ್ಕಿಬಿದ್ದವುಗಳನ್ನು ಒಂದೊಂದಾಗಿ ಓದಿ, ಎಷ್ಟು ಕಳ್ಳರು, ಎಷ್ಟು ಕಳ್ಳಿ ಎಂದು ಎಣಿಸಬೇಕು. ಸರಿಯಿದೆ ಎನಿಸಿದರೆ ಎಚ್ಚರಿಕೆ ಕೊಡುವ ಹಂತಕ್ಕೆ ಏರಿಸಬೇಕು, ಉಳಿಸಲು ಬಿಡದೆ ತಡೆಯುವುದು ಕೊನೆಯ ಹಂತ. ಅವಸರಪಟ್ಟು ನೇರವಾಗಿ ತಡೆಗೆ ಹಾಕಿದರೆ ಮೊದಲ ಬಾರಿ ಬರೆಯಲು ಬಂದವರು, ಯಾಕೆ ಹೀಗಾಯಿತು ಎಂದೂ ತಿಳಿಯದೆ, ಹಿಂದಿರುಗಿ ಹೋಗುತ್ತಾರೆ. ಅವರು ಮತ್ತೆ ಬರುವುದಿಲ್ಲ. ಒಂದು ಬೈಗುಳ ಎರಡು ದಿನ ಉಳಿಯುವುದಕ್ಕಿಂತ ಇದು ದೊಡ್ಡ ನಷ್ಟ.

ಅನುಚಿತ ಎಂದರೆ ಏನು ಎನ್ನುವುದೂ ಯಂತ್ರಕ್ಕೆ ಬಿಡುವ ಮಾತಲ್ಲ. ಬರೀ ಮೈ ಕಂಡರೆ ಚಿತ್ರ ತೆಗೆ ಎಂದು ನಿಯಮ ಮಾಡಿದರೆ ಶ್ರವಣಬೆಳಗೊಳದ ಗೊಮ್ಮಟನ ಚಿತ್ರವನ್ನೂ ತೆಗೆಯಬೇಕಾಗುತ್ತದೆ.

ಬದುಕಿರುವ ವ್ಯಕ್ತಿಗಳ ಪುಟಗಳಲ್ಲಿ ಮಾತ್ರ ಕಾಯುವ ಪ್ರಶ್ನೆಯೇ ಇಲ್ಲ. ಆಧಾರವಿಲ್ಲದ ಆಪಾದನೆ ಕಂಡರೆ ಮೊದಲು ತೆಗೆಯಬೇಕು, ಚರ್ಚೆ ಆಮೇಲೆ. ಈ ನಿಯಮ ಗಟ್ಟಿಯಾದದ್ದರ ಹಿಂದೆ 2005ರ ಒಂದು ಪ್ರಕರಣವಿದೆ. ಅಮೆರಿಕದ ಹಿರಿಯ ಪತ್ರಕರ್ತ ಜಾನ್ ಸೀಗೆಂತಾಲರ್ ಅವರ ಇಂಗ್ಲಿಷ್ ಪುಟದಲ್ಲಿ, ಅಧ್ಯಕ್ಷ ಜಾನ್ ಕೆನಡಿ ಮತ್ತು ಅವರ ತಮ್ಮ ರಾಬರ್ಟ್ ಇಬ್ಬರ ಹತ್ಯೆಗಳಲ್ಲೂ ಸೀಗೆಂತಾಲರ್ ಕೈವಾಡದ ಶಂಕೆಯಿತ್ತು ಎಂದು ಯಾರೋ ಆ ವರ್ಷದ ಮೇ ತಿಂಗಳಲ್ಲಿ ಬರೆದರು. ಸೀಗೆಂತಾಲರ್ ಅವರೋ ರಾಬರ್ಟ್ ಕೆನಡಿಯವರ ಜೊತೆ ಕೆಲಸ ಮಾಡಿದ್ದವರು. ಆ ಸುಳ್ಳು ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಅಲ್ಲಿತ್ತು. ಯಾರೂ ನೋಡಿರಲಿಲ್ಲ ಎಂದೇನಲ್ಲ. ಮೂರು ದಿನದ ಮೇಲೆ ಒಬ್ಬರು ಆ ಪುಟಕ್ಕೆ ಬಂದು, ಒಂದು ಪದದ ಕಾಗುಣಿತ ತಿದ್ದಿ ಹೋಗಿದ್ದರು! ಕಾಗುಣಿತ ಕಂಡಿತು, ವಾಕ್ಯ ಕಾಣಲಿಲ್ಲ. ಆ ಡಿಸೆಂಬರಿನಿಂದ ಇಂಗ್ಲಿಷ್ ವಿಕಿಪೀಡಿಯದಲ್ಲಿ ಖಾತೆ ಇಲ್ಲದವರು ಹೊಸ ಲೇಖನ ಶುರುಮಾಡುವುದನ್ನು ನಿಲ್ಲಿಸಲಾಯಿತು. ಆದರೆ ಓದದೆ ತಿದ್ದುವ ಕಣ್ಣಿಗೆ ಮಾತ್ರ ಯಾವ ನಿಯಮವೂ ಮದ್ದಲ್ಲ. ಕನ್ನಡದಲ್ಲಿ ಇದಕ್ಕೆ ಹೋಲುವ ಜಾಗ ಆರೋಪಿ ಮತ್ತು ಅಪರಾಧಿ ಎಂಬ ಎರಡು ಪದಗಳ ನಡುವೆ ಇದೆ. ಮೊಕದ್ದಮೆ ದಾಖಲಾದವರು ಆರೋಪಿ, ತಪ್ಪಿತಸ್ಥರೆಂದು ನ್ಯಾಯಾಲಯ ತೀರ್ಪು ಕೊಟ್ಟ ಮೇಲೆ ಅಪರಾಧಿ. ಒಂದರ ಜಾಗಕ್ಕೆ ಇನ್ನೊಂದು ಬಂದರೆ ಒಬ್ಬರ ಮಾನ ಹೋಗುತ್ತದೆ, ಓದಿಸಿಕೊಂಡು ಹೋಗುವ ವಾಕ್ಯದಲ್ಲಿ ಅದು ಗೊತ್ತೇ ಆಗುವುದಿಲ್ಲ.

ತೆಗೆದದ್ದು ಎಲ್ಲಿಗೆ ಹೋಗುತ್ತದೆ? ವಜಾ ಮಾಡಿದರೆ ಲೇಖನದಿಂದ ಹೋಗುತ್ತದೆ, ಇತಿಹಾಸದಲ್ಲಿ ಉಳಿಯುತ್ತದೆ, ಯಾರು ಬೇಕಾದರೂ ತೆರೆದು ಓದಬಹುದು. ಹೆಚ್ಚಿನವುಗಳಿಗೆ ಇಷ್ಟು ಸಾಕು, ಏಕೆಂದರೆ ಯಾರು ಏನು ಮಾಡಿದರು ಎಂಬ ದಾಖಲೆ ಮುಂದಿನ ವಿಚಾರಣೆಗೆ ಬೇಕು. ತೀರಾ ಹೊಲಸಾದ ಬರಹವನ್ನು ನಿರ್ವಾಹಕರು ಇತಿಹಾಸದಿಂದಲೂ ಮರೆಮಾಡಬಹುದು, ಆಗ ಅದು ನಿರ್ವಾಹಕರಿಗೆ ಮಾತ್ರ ಕಾಣುತ್ತದೆ. ಯಾರದೋ ಫೋನ್ ನಂಬರು, ಮನೆ ವಿಳಾಸ, ಆಧಾರ್ ಸಂಖ್ಯೆ ಇಂಥವು ಬಂದಿದ್ದರೆ ನಿರ್ವಾಹಕರಿಗೂ ಕಾಣದ ಹಾಗೆ ಹುಗಿಯುವ ಮೂರನೆಯ ಹಂತವಿದೆ. ಆ ಅಧಿಕಾರ ಬಹಳ ಕಡಿಮೆ ಜನರಿಗಿದೆ. ಸ್ವಂತವಾಗಿ ಅಂಥವರಿಲ್ಲದ ಚಿಕ್ಕ ವಿಕಿಗಳಿಗೆ, ಎಲ್ಲ ಭಾಷೆಗಳವರೂ ಸೇರಿ ಚುನಾಯಿಸುವ ಸ್ಟೀವರ್ಡ್‌ಗಳು ಈ ಕೆಲಸ ಮಾಡಿಕೊಡುತ್ತಾರೆ. ಇಲ್ಲಿ ತಪ್ಪು ಮಾಡುವುದು ಒಳ್ಳೆಯ ಮನಸ್ಸಿನವರೇ. 'ಈ ಪುಟದಲ್ಲಿ ಒಬ್ಬರ ಫೋನ್ ನಂಬರಿದೆ, ದಯವಿಟ್ಟು ತೆಗೆಯಿರಿ' ಎಂದು ಅರಳಿ ಕಟ್ಟೆಯಲ್ಲಿ ಬರೆದುಬಿಡುತ್ತಾರೆ. ಅದು ಊರಿಗೆಲ್ಲ ಡಂಗುರ ಸಾರಿದಂತೆ. ಸದ್ದಿಲ್ಲದೆ ವಜಾ ಮಾಡಿ, ಸಾರಾಂಶದಲ್ಲಿ ಆ ನಂಬರನ್ನಾಗಲಿ ಬೈಗುಳವನ್ನಾಗಲಿ ಮತ್ತೆ ಬರೆಯದೆ, ಇಮೇಲ್ ಮೂಲಕ ತಿಳಿಸಬೇಕು.

ಇನ್ನು ಬರೆದವರ ವಿಷಯ. ಬಹುಪಾಲು ಮಂದಿಗೆ ಒಂದು ಮಾತು ಸಾಕು: ಅವರ ಚರ್ಚಾಪುಟದಲ್ಲಿ, ಏನು ತಪ್ಪಾಯಿತು, ಅಭ್ಯಾಸಕ್ಕೆ ಪ್ರಯೋಗಪುಟ ಎಲ್ಲಿದೆ ಎಂದು ಸ್ವಂತ ಮಾತಿನಲ್ಲಿ ಬರೆದರೆ ಆಯಿತು. ಎಚ್ಚರಿಸಿದ ಮೇಲೂ ನಿಲ್ಲಿಸದಿದ್ದರೆ ತಡೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಮೊದಲ ತಡೆ ಹೆಚ್ಚಾಗಿ 31 ಗಂಟೆಯದ್ದು. 24 ಗಂಟೆ ಹಾಕಿದರೆ ನಾಳೆ ಅದೇ ಹೊತ್ತಿಗೆ, ಅದೇ ಬಿಡುವಿನಲ್ಲಿ, ಬಾಗಿಲು ತೆರೆದಿರುತ್ತದೆ. ಏಳು ಗಂಟೆ ಹೆಚ್ಚಿಟ್ಟರೆ ಮರುದಿನದ ಆ ಹೊತ್ತೂ ದಾಟಿಹೋಗುತ್ತದೆ. ನಮ್ಮಲ್ಲಿ ಐಪಿ ವಿಳಾಸವನ್ನು, ಅಂದರೆ ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆಯನ್ನು, ತಡೆಯುವಾಗ ಇನ್ನೂ ಹೆಚ್ಚಿನ ಎಚ್ಚರ ಬೇಕು. ಮೊಬೈಲ್ ಕಂಪನಿಗಳು ಒಂದೇ ವಿಳಾಸದ ಹಿಂದೆ ಎಷ್ಟೋ ಗ್ರಾಹಕರನ್ನು ಕೂರಿಸಿರುತ್ತವೆ. ಒಬ್ಬ ಕಿಡಿಗೇಡಿಗಾಗಿ ದೊಡ್ಡ ವ್ಯಾಪ್ತಿಯನ್ನು ತಿಂಗಳುಗಟ್ಟಲೆ ಮುಚ್ಚಿದರೆ, ಅದೇ ನೆಟ್‌ವರ್ಕಿನಲ್ಲಿರುವ ಹೊಸ ಬರಹಗಾರರೂ ಹೊರಗುಳಿಯುತ್ತಾರೆ. ಇನ್ನೊಂದು ತಡೆಯನ್ನು ಕಾಲೇಜುಗಳಲ್ಲಿ ವಿಕಿಪೀಡಿಯ ಕಾರ್ಯಾಗಾರ ನಡೆಸುವವರು ತಿಳಿದಿರಲಿ. ಒಂದು ಐಪಿ ವಿಳಾಸದಿಂದ ದಿನಕ್ಕೆ 6 ಖಾತೆ ಮಾತ್ರ ತೆರೆಯಬಹುದು. ಏಳನೆಯ ವಿದ್ಯಾರ್ಥಿಗೆ ಬಾಗಿಲು ಮುಚ್ಚುತ್ತದೆ. ಹಿಂದಿನ ದಿನವೇ ಮನೆಯಿಂದ ಖಾತೆ ತೆರೆದು ಬರಲು ಹೇಳಬೇಕು, ಇಲ್ಲವೇ ಮೊದಲೇ ವಿನಾಯಿತಿ ಕೇಳಿರಬೇಕು.

ಚಿಕ್ಕ ವಿಕಿಗಳನ್ನು ಕಾಯಲು ಬೇರೆ ದೇಶಗಳ ಸ್ವಯಂಸೇವಕರ ತಂಡವೊಂದಿದೆ. ಪುಟ ಬರಿದಾದದ್ದು, ಜಾಹೀರಾತಿನ ಕೊಂಡಿ, ಇಂಗ್ಲಿಷಿನ ಹೊಲಸು ಮಾತು, ಇವು ಅವರಿಗೆ ಕಾಣುತ್ತವೆ. ಅವರ ಉಪಕಾರ ದೊಡ್ಡದು. ಆದರೆ ಕನ್ನಡದ ವ್ಯಂಗ್ಯ, ಜಾತಿ ಹಿಡಿದು ಆಡಿದ ಮಾತು, ಕವಿಯೊಬ್ಬರ ಹುಟ್ಟೂರನ್ನು ಪಕ್ಕದ ತಾಲ್ಲೂಕಿಗೆ ಸಾಗಿಸಿದ್ದು ಅವರಿಗೆ ಹೇಗೆ ಕಂಡೀತು? ಕನ್ನಡದ ನಿರ್ವಾಹಕರೋ ಬೆರಳೆಣಿಕೆಯಷ್ಟು ಮಂದಿ, ಎಲ್ಲರೂ ಸಂಬಳವಿಲ್ಲದೆ ದುಡಿಯುವವರು.

ಇದಕ್ಕೆ ನಿರ್ವಾಹಕರೇ ಆಗಬೇಕಿಲ್ಲ. ಒಂದು ಖಾತೆ ತೆರೆಯಿರಿ. ನಿಮ್ಮ ಊರು, ನಿಮ್ಮ ಹೊಳೆ, ನೀವು ಪಾಠ ಮಾಡುವ ವಿಷಯ, ಹೀಗೆ ನಿಮಗೆ ಚೆನ್ನಾಗಿ ಗೊತ್ತಿರುವ ಇಪ್ಪತ್ತು ಪುಟಗಳ ಮೇಲ್ಭಾಗದಲ್ಲಿರುವ ನಕ್ಷತ್ರವನ್ನು ಒತ್ತಿ. ಅವು ನಿಮ್ಮ ವೀಕ್ಷಣಾಪಟ್ಟಿಗೆ ಸೇರುತ್ತವೆ, ಯಾರೇ ತಿದ್ದಿದರೂ ಅಲ್ಲಿ ಕಾಣಿಸುತ್ತದೆ. ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುವಷ್ಟು ಹೊತ್ತಿನಲ್ಲಿ ಆ ಪಟ್ಟಿ ನೋಡಿ ಮುಗಿಯುತ್ತದೆ. ಬದಲಾವಣೆ ಒಳ್ಳೆಯದಿದ್ದರೆ ಬರೆದವರಿಗೆ ಒಂದು ಧನ್ಯವಾದ ಕಳುಹಿಸಿ, ಅದಕ್ಕೂ ಪಕ್ಕದಲ್ಲೇ ಗುಂಡಿಯಿದೆ. ಕೆಟ್ಟದ್ದಿದ್ದರೆ ಏನು ಮಾಡಬೇಕೆಂದು ಈಗ ನಿಮಗೆ ಗೊತ್ತಿದೆ.

ನಮಸ್ಕಾರ.