ಕೋತಿ, ಪಂಪು ಮತ್ತು ಮೂರು ತಿಂಗಳು

ನಮಸ್ಕಾರ, ಕೇಳುಗರೇ.

ಈ ಹೊತ್ತಿಗೆ ನಿಮ್ಮಲ್ಲಿ ಕೆಲವರು ಕಾಫಿ ಲೋಟ ಹಿಡಿದು ಕೂತಿರಬಹುದು. ಪಕ್ಕದಲ್ಲಿ ಮಗನೋ ಮಗಳೋ ಮೊಬೈಲಿನಲ್ಲಿ ಆಟ ಆಡುತ್ತಿರಬಹುದು. ಅವರನ್ನೂ ಸ್ವಲ್ಪ ರೇಡಿಯೋ ಹತ್ತಿರ ಕರೆಯಿರಿ. ಇವತ್ತು ನಾನು ಮಾತಾಡುವುದು ಕಂಪ್ಯೂಟರ್ ಆಟಗಳ ಬಗ್ಗೆಯೇ. ಗುಂಡು ಹಾರಿಸುವ ಆಟ ಅಲ್ಲ, ಕಾರು ಓಡಿಸುವ ಆಟವೂ ಅಲ್ಲ. ಮೌಸ್ ಹಿಡಿದು, ಚಿತ್ರದ ಮೇಲೆ ಕ್ಲಿಕ್ ಮಾಡುತ್ತಾ ಒಂದು ಕಥೆಯೊಳಗೆ ನಡೆದುಹೋಗುವ ಆಟ. ಪಾಯಿಂಟ್ ಅಂಡ್ ಕ್ಲಿಕ್ ಅಡ್ವೆಂಚರ್ ಅಂತ ಅದರ ಹೆಸರು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇದನ್ನೇ ನಾಲ್ಕು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಈ ಆಟಗಳಲ್ಲಿ ಸಿಕ್ಕಿಬೀಳುವುದೇ ಆಟ. ಮುಂದೆ ದಾರಿ ಕಾಣದೆ ತಲೆ ಕೆರೆದುಕೊಂಡು ಕೂರುತ್ತೀರಲ್ಲ, ಆ ಹೊತ್ತೇ ಆಟ.

ಆಟ ಹೇಗಿರುತ್ತದೆ ಅಂದರೆ, ಪರದೆ ಮೇಲೆ ಒಂದು ಚಿತ್ರ. ಒಂದು ಬಂದರು ಅಂತ ಇಟ್ಟುಕೊಳ್ಳಿ. ಅಲ್ಲಿ ನಿಮ್ಮ ಹುಡುಗ ನಿಂತಿದ್ದಾನೆ. ಕೆಳಗೆ ಕೆಲವು ಪದಗಳು: ಕೊಡು, ತೆಗೆದುಕೋ, ತೆರೆ, ಮುಚ್ಚು, ನೋಡು, ಮಾತಾಡು, ತಳ್ಳು, ಎಳೆ, ಬಳಸು. ಒಂದು ಪದ ಒತ್ತಿ, ಆಮೇಲೆ ಒಂದು ವಸ್ತು ಒತ್ತಿ. ಹುಡುಗ ಹಾಗೆ ಮಾಡುತ್ತಾನೆ. ಬಾಗಿಲಿಗೆ ಬೀಗ ಇದೆ, ಕೀಲಿ ನಾಯಿ ಹತ್ತಿರ ಇದೆ, ನಾಯಿಗೆ ಏನು ಬೇಕು? ಅಷ್ಟೇ. ಅಜ್ಜಿ ಕೇಳುತ್ತಿದ್ದ ಒಗಟು ಇದೆಯಲ್ಲ, ಅದಕ್ಕೇ ಚಿತ್ರ ಕೊಟ್ಟು ನಡೆಯುವುದಕ್ಕೆ ಕಾಲು ಕೊಟ್ಟ ಹಾಗೆ.

ಇದಕ್ಕೂ ಮೊದಲು ಎಲ್ಲವನ್ನೂ ಕೀಬೋರ್ಡಿನಲ್ಲಿ ಬರೆಯಬೇಕಿತ್ತು. 1970ರ ದಶಕದಲ್ಲಿ ಅಮೆರಿಕದ ವಿಲ್ ಕ್ರೌಥರ್ ಎಂಬುವರು ಒಂದು ಗುಹೆಯ ಆಟ ಮಾಡಿದರು. ಅವರು ನಿಜವಾಗಿ ಗುಹೆಗಳಲ್ಲಿ ಇಳಿದು ಓಡಾಡುತ್ತಿದ್ದವರು. ಅದರಲ್ಲಿ ಚಿತ್ರವೇ ಇರಲಿಲ್ಲ, ಬರೀ ಅಕ್ಷರ. 1984ರಲ್ಲಿ ರಾಬರ್ಟಾ ವಿಲಿಯಮ್ಸ್ ಅವರ ಕಿಂಗ್ಸ್ ಕ್ವೆಸ್ಟ್ ಬಂತು. ಬಣ್ಣದ ಚಿತ್ರ ಇತ್ತು, ಆದರೂ ಆಜ್ಞೆಯನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಬೇಕಿತ್ತು. ಕನ್ನಡ ಮಾಧ್ಯಮದಲ್ಲಿ ಓದಿದ ನನ್ನಂಥವರಿಗೆ ಅದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತು. ಒಂದು ಅಕ್ಷರ ತಪ್ಪಿದರೆ ಆಟಕ್ಕೆ ನಮ್ಮ ಮಾತೇ ಅರ್ಥ ಆಗುತ್ತಿರಲಿಲ್ಲ. 1987ರಲ್ಲಿ ಲ್ಯೂಕಾಸ್‌ಫಿಲ್ಮ್ ಗೇಮ್ಸ್‌ನಿಂದ ಮೇನಿಯಾಕ್ ಮ್ಯಾನ್ಷನ್ ಬಂತು. ರಾನ್ ಗಿಲ್ಬರ್ಟ್ ಮತ್ತು ಗ್ಯಾರಿ ವಿನ್ನಿಕ್ ಮಾಡಿದ್ದು. ಟೈಪ್ ಮಾಡುವ ಕೆಲಸವನ್ನು ತೆಗೆದು, ಪದಗಳನ್ನು ಪರದೆ ಮೇಲೇ ಇಟ್ಟುಬಿಟ್ಟರು. ಇದೊಂದು ಉಪಕಾರಕ್ಕೆ ನಾನು ಅವರನ್ನು ಯಾವತ್ತೂ ಮರೆಯುವುದಿಲ್ಲ.

ಈಗ ನನ್ನ ಕಥೆಗೆ ಬರುತ್ತೇನೆ. 1994. ನಮ್ಮ ಮಾವ ಮಸ್ಕತ್‌ನಲ್ಲಿ ಕೆಲಸದಲ್ಲಿದ್ದರು. ಆ ವರ್ಷ ರಜೆಗೆ ಬರುವಾಗ ಒಂದು 386 ಕಂಪ್ಯೂಟರ್ ತಂದು ಉಡುಪಿಯ ಮನೆಯಲ್ಲಿ ಇಟ್ಟರು. ಅದಕ್ಕೇ ಅಂತ ಒಂದು ಕೋಣೆ. ಚಪ್ಪಲಿ ಹೊರಗೆ ಬಿಡಬೇಕು. ಕೆಲಸ ಮುಗಿದ ಮೇಲೆ ಬಟ್ಟೆ ಮುಚ್ಚಬೇಕು. ನಮ್ಮ ಮನೆ ಹಳ್ಳಿಯಲ್ಲಿ. ಪ್ರತಿ ಭಾನುವಾರ ಬೆಳಗ್ಗೆ ಬಸ್ಸು ಹತ್ತಿ ಹೋಗುತ್ತಿದ್ದೆ, ಸಂಜೆ ಬಸ್ಸಿಗೆ ವಾಪಸ್. ಕರೆಂಟು ಯಾವಾಗ ಹೋಗುತ್ತದೋ ಹೇಳುವ ಹಾಗಿರಲಿಲ್ಲ. ಐದು ನಿಮಿಷಕ್ಕೊಮ್ಮೆ ಆಟವನ್ನು ಸೇವ್ ಮಾಡುವ ಅಭ್ಯಾಸ ಆಗಿಬಿಟ್ಟಿತ್ತು. ಇವತ್ತಿಗೂ ಕೈ ತಾನಾಗಿ ಹಾಗೆ ಮಾಡುತ್ತದೆ.

ಆ ಕಂಪ್ಯೂಟರಿನಲ್ಲಿ ಎರಡು ಆಟ ಇತ್ತು. ಒಂದು, 1990ರ ದಿ ಸೀಕ್ರೆಟ್ ಆಫ್ ಮಂಕಿ ಐಲ್ಯಾಂಡ್. ಇನ್ನೊಂದು, 1991ರಲ್ಲಿ ಬಂದ ಅದರ ಎರಡನೇ ಭಾಗ. ರಾನ್ ಗಿಲ್ಬರ್ಟ್, ಟಿಮ್ ಶೇಫರ್, ಡೇವ್ ಗ್ರಾಸ್‌ಮನ್, ಈ ಮೂವರು ಸೇರಿ ಬರೆದದ್ದು. ಗೈಬ್ರಶ್ ಥ್ರೀಪ್‌ವುಡ್ ಎಂಬ ಹುಡುಗನಿಗೆ ಕಡಲ್ಗಳ್ಳ ಆಗಬೇಕು ಅಂತ ಆಸೆ. ಮೊದಲ ಭಾಗದಲ್ಲಿ ಕತ್ತಿ ಕಾಳಗ ಇದೆ. ಅಲ್ಲಿ ಗೆಲ್ಲುವುದು ಕತ್ತಿಯಿಂದ ಅಲ್ಲ, ಮಾತಿನಿಂದ! ಎದುರಾಳಿ ಹೀಯಾಳಿಸುತ್ತಾನೆ, ನೀವು ಸರಿಯಾದ ತಿರುಗೇಟು ಕೊಡಬೇಕು. ಹೈನುಗಾರನ ಹಾಗೆ ಕಾದಾಡುತ್ತೀಯ ಅಂತ ಅವನು ಅಂದರೆ, ಸರಿಯಾಗೇ ಇದೆ, ನೀನು ಹಸುವಿನ ಹಾಗೆ ಕಾದಾಡುತ್ತೀಯ ಅಂತ ನೀವು ಅನ್ನಬೇಕು. ತಾಳಮದ್ದಲೆ ಕೇಳಿ ಬೆಳೆದವನಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಅರ್ಥಧಾರಿಗಳು ಎದುರುಬದುರು ಕೂತು ಮಾತಿಗೆ ಮಾತು ಕಟ್ಟುವುದನ್ನು ರಾತ್ರಿಯಿಡೀ ನೋಡಿದವನು ನಾನು. ಮೊದಲ ಭಾಗ ಸುಲಭವಾಗಿ ದಾಟಿದೆ.

ಎರಡನೇ ಭಾಗದಲ್ಲಿ ಸಿಕ್ಕಿಬಿದ್ದೆ. ಮೂರು ತಿಂಗಳು.

ಫ್ಯಾಟ್ ಐಲ್ಯಾಂಡ್ ಅಂತ ಒಂದು ದ್ವೀಪ. ಅಲ್ಲೊಂದು ಜಲಪಾತ. ಮೇಲಕ್ಕೆ ಹೋದರೆ ಒಂದು ಪಂಪು. ಆ ಪಂಪನ್ನು ತಿರುಗಿಸಿ ನೀರು ನಿಲ್ಲಿಸಬೇಕು. ಇಷ್ಟು ನನಗೆ ಗೊತ್ತಾಗಿತ್ತು. ನಮ್ಮ ತೋಟದಲ್ಲೂ ಪಂಪ್‌ಸೆಟ್ ಇದೆ, ಬಿಗಿಯಾದ ನಟ್ಟು ಬಿಚ್ಚಲು ಸ್ಪ್ಯಾನರ್ ಬೇಕು ಅಂತ ಯಾವ ರೈತನ ಮಗನಿಗೂ ಗೊತ್ತು. ಸರಿ, ಸ್ಪ್ಯಾನರ್ ಹುಡುಕಲು ಹೊರಟೆ. ದ್ವೀಪದಿಂದ ದ್ವೀಪಕ್ಕೆ ಹಡಗಿನಲ್ಲಿ ಹೋದೆ. ಪ್ರತಿ ಅಂಗಡಿ, ಪ್ರತಿ ಮನೆ, ಪ್ರತಿ ಪೊದೆ ನೋಡಿದೆ. ಎಲ್ಲೂ ಇಲ್ಲ. ನನ್ನ ಚೀಲದಲ್ಲಿ ಏನೇನೋ ಇತ್ತು, ಒಂದು ಕೋತಿ ಕೂಡ ಇತ್ತು! ಇನ್ನೊಂದು ದ್ವೀಪದ ಹೆಂಡದಂಗಡಿಯಲ್ಲಿ ಪಿಯಾನೋ ನುಡಿಸುತ್ತಿದ್ದ ಕೋತಿ ಅದು. ತಾಳ ಹಾಕುವ ಯಂತ್ರಕ್ಕೆ ಬಾಳೆಹಣ್ಣು ಸಿಕ್ಕಿಸಿದರೆ, ಹಣ್ಣು ಅತ್ತಿತ್ತ ಆಡುವುದನ್ನೇ ನೋಡುತ್ತಾ ಕೋತಿ ಮರುಳಾಗಿ ಸೆಟೆದು ನಿಲ್ಲುತ್ತದೆ. ಎತ್ತಿ ಚೀಲಕ್ಕೆ ಹಾಕಿಕೊಂಡಿದ್ದೆ. ಯಾಕೆ ಅಂತ ಗೊತ್ತಿರಲಿಲ್ಲ.

ಸೋಮವಾರದಿಂದ ಶನಿವಾರದವರೆಗೆ ಕಂಪ್ಯೂಟರ್ ಇಲ್ಲ. ಆದರೆ ಆಟ ನಿಂತಿರಲಿಲ್ಲ ನೋಡಿ! ಶಾಲೆಗೆ ಹೋಗುವ ದಾರಿಯಲ್ಲಿ, ಅಡಿಕೆ ಹೆಕ್ಕುವಾಗ, ರಾತ್ರಿ ಮಲಗಿದಾಗ ತಲೆಯಲ್ಲಿ ಅದೇ ಪಂಪು. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಇದ್ದ ವಸ್ತುಗಳ ಪಟ್ಟಿ ಬರೆದಿಟ್ಟಿದ್ದೆ. ಒಂದೊಂದೇ ಹೊಡೆದುಹಾಕುತ್ತಿದ್ದೆ. ಇದನ್ನೇ ನಾನು ಹೇಳುತ್ತಿರುವುದು. ಸಿಕ್ಕಿಬೀಳುವುದೇ ಆಟ.

ಒಂದು ದಿನ ನಿಜವಾದ ಪಂಪೇ ಕೆಟ್ಟಿತು. ನಮ್ಮ ತೋಟದ್ದು. ಅಪ್ಪ ಒಬ್ಬ ಮೆಕ್ಯಾನಿಕ್ಕನ್ನು ಕರೆಸಿದರು. ಆತ ಸೌದಿಯಲ್ಲಿ ಅಮೆರಿಕದವರ ಕೈಕೆಳಗೆ ಹತ್ತು ವರ್ಷ ದುಡಿದು ಬಂದವರು. ಬಾವಿಕಟ್ಟೆ ಹತ್ತಿರ ಬಗ್ಗಿ ಕೂತು, ಹಿಂದೆ ಕೈ ಚಾಚಿ, “ಆ ಮಂಕಿ ರೆಂಚ್ ಕೊಡು ಮಾರಾಯ” ಅಂದರು. ನಾನು ಪೆಟ್ಟಿಗೆ ಹಿಡಿದು ನಿಂತಿದ್ದೆ. ಏನು ಅಂದಿರಿ ಅಂತ ಕೇಳಿದೆ. “ಮಂಕಿ ರೆಂಚ್. ನೀವು ಇಲ್ಲಿ ಸ್ಕ್ರೂ ಸ್ಪ್ಯಾನರ್ ಅಂತೀರಲ್ಲ, ಅದೇ.”

ಮಂಕಿ ರೆಂಚ್! ಕೇಳುಗರೇ, ನಮ್ಮ ಶಾಲೆಯ ಇಂಗ್ಲಿಷ್ ಬ್ರಿಟಿಷರ ಇಂಗ್ಲಿಷ್. ಅವರು ಸ್ಪ್ಯಾನರ್ ಅಂದರು, ನಾವೂ ಸ್ಪ್ಯಾನರ್ ಅಂದೆವು. ಅಮೆರಿಕದಲ್ಲಿ ಅದು ರೆಂಚ್. ಅದರಲ್ಲೂ ಬಾಯಿ ಹಿಗ್ಗಿಸಿ ಕುಗ್ಗಿಸಬಹುದಾದ ಒಂದು ಬಗೆಗೆ ಮಂಕಿ ರೆಂಚ್ ಅಂತ ಹೆಸರು. ಅಂದರೆ ಸೆಟೆದು ನಿಂತ ಆ ಕೋತಿಯೇ ಸ್ಪ್ಯಾನರು! ಅದು ಮೂರು ತಿಂಗಳಿಂದ ನನ್ನ ಚೀಲದಲ್ಲೇ ಇತ್ತು.

ಅದು ಬುಧವಾರ. ಭಾನುವಾರದವರೆಗೆ ಕಾಯಬೇಕು. ಆ ನಾಲ್ಕು ದಿನ ನಾನು ಹೇಗಿದ್ದೆ ಅಂತ ನನ್ನ ಅಮ್ಮನನ್ನು ಕೇಳಬೇಕು. ಭಾನುವಾರ ಮೊದಲ ಬಸ್ಸು ಹಿಡಿದೆ. ಚಪ್ಪಲಿ ಬಿಟ್ಟೆ, ಬಟ್ಟೆ ಸರಿಸಿದೆ, ಕಂಪ್ಯೂಟರ್ ಹಾಕಿದೆ. ಬಳಸು. ಕೋತಿ. ಪಂಪು. ಗೈಬ್ರಶ್ ಕೋತಿಯನ್ನು ಹಿಡಿದು ಪಂಪನ್ನು ತಿರುಗಿಸಿದ. ಜಲಪಾತ ನಿಂತಿತು. ಅದರ ಹಿಂದೆ ಒಂದು ಸುರಂಗ. ನಾನು ಕೂಗಿದ ಕೂಗಿಗೆ ಅತ್ತೆ ಅಡುಗೆಮನೆಯಿಂದ ಓಡಿ ಬಂದರು.

ಆ ಒಗಟು ಅಮೆರಿಕದ ಹೊರಗಿನವರಿಗೆ ಅನ್ಯಾಯ ಅಂತ ಕೆಲವರು ಹೇಳುತ್ತಾರೆ. ಇರಬಹುದು. ಆದರೆ ಆ ಪದ ನನಗೆ ಸಿಕ್ಕಿದ ರೀತಿಯನ್ನು ನಾನು ಯಾವುದಕ್ಕೂ ಬಿಟ್ಟುಕೊಡುವುದಿಲ್ಲ. ಯಾರಾದರೂ ಮೊದಲ ಭಾನುವಾರವೇ ಉತ್ತರ ಹೇಳಿದ್ದರೆ ನನಗೆ ಏನು ಸಿಗುತ್ತಿತ್ತು? ಒಂದು ಸುರಂಗ. ಅಷ್ಟೇ ಅಲ್ವಾ?

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ರಾನ್ ಗಿಲ್ಬರ್ಟ್ 1989ರಲ್ಲೇ ಒಂದು ಲೇಖನ ಬರೆದಿದ್ದರು. ಆಡುವವನನ್ನು ಮಾತುಮಾತಿಗೆ ಸಾಯಿಸಬೇಡಿ, ಹಿಂದೆ ಬರಲಾಗದ ಗುಂಡಿಗೆ ತಳ್ಳಬೇಡಿ ಅನ್ನುವುದು ಅದರ ಸಾರ. ಮಂಕಿ ಐಲ್ಯಾಂಡ್ ಹಾಗೇ ಇದೆ. ಸಾವಿನ ಭಯ ಇಲ್ಲದ್ದರಿಂದ ಏನನ್ನು ಬೇಕಾದರೂ ಪ್ರಯತ್ನಿಸಬಹುದು. 1993ರ ಮಿಸ್ಟ್ ಇನ್ನೊಂದು ಬಗೆ. ರ‍್ಯಾಂಡ್ ಮತ್ತು ರಾಬಿನ್ ಮಿಲ್ಲರ್ ಎಂಬ ಅಣ್ಣತಮ್ಮಂದಿರು ಮಾಡಿದ್ದು. ಖಾಲಿ ದ್ವೀಪ, ಯಂತ್ರಗಳು, ಗಾಳಿಯ ಸದ್ದು. ಪೆನ್ನು ಕಾಗದ ಇಟ್ಟುಕೊಂಡೇ ಆಡಬೇಕು. ಇದರ ಬಗ್ಗೆ ಬೇರೆಯೇ ಒಂದು ಭಾಷಣ ಬೇಕು.

ಇವೆಲ್ಲ ಈಗ ಎಲ್ಲಿ ಸಿಗುತ್ತವೆ ಅಂತ ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. 2001ರಲ್ಲಿ ಸ್ಕಮ್‌ವಿಎಂ ಅನ್ನುವ ಉಚಿತ ತಂತ್ರಾಂಶ ಬಂತು. ಹಳೆಯ ಆಟಗಳನ್ನು ಹೊಸ ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲೂ ಓಡಿಸುತ್ತದೆ. 1994ರ ಬಿನೀತ್ ಎ ಸ್ಟೀಲ್ ಸ್ಕೈ ಎಂಬ ಆಟವನ್ನು ಅದರ ಒಡೆಯರೇ 2003ರಲ್ಲಿ ಎಲ್ಲರಿಗೂ ಉಚಿತ ಮಾಡಿದರು. ಅಲ್ಲಿಂದ ಶುರು ಮಾಡಿ. 2022ರಲ್ಲಿ ಗಿಲ್ಬರ್ಟ್ ಮತ್ತೆ ಮಂಕಿ ಐಲ್ಯಾಂಡ್‌ಗೆ ಮರಳಿ ಹೊಸ ಆಟ ತಂದರು. ನಾನು ರಜೆ ಹಾಕಿ ಆಡಿದೆ.

ಒಂದೇ ಬೇಡಿಕೆ. ಉತ್ತರ ಹುಡುಕಬೇಡಿ. ಎಲ್ಲ ಆಟದ ಉತ್ತರವೂ ಈಗ ಇಂಟರ್ನೆಟ್ಟಿನಲ್ಲಿ ಬಿದ್ದಿದೆ. ಹತ್ತು ನಿಮಿಷ ದಾರಿ ಕಾಣದಿದ್ದರೆ ಮಕ್ಕಳು ಮೊಬೈಲ್ ತೆಗೆಯುತ್ತಾರೆ. ನನಗೆ ನಿಜವಾಗಿ ಸಂಕಟ ಆಗುತ್ತದೆ. ಹತ್ತು ನಿಮಿಷ ಏನಕ್ಕೂ ಸಾಲದು. ಎದ್ದು ಹೋಗಿ, ಊಟ ಮಾಡಿ, ಮಲಗಿ, ನಾಳೆ ಬನ್ನಿ. ಸಿಕ್ಕಿಬೀಳುವುದೇ ಆಟ.

1996ರ ಬ್ರೋಕನ್ ಸ್ವೋರ್ಡ್ ಆಟದಲ್ಲಿ ಐರ್ಲೆಂಡಿನ ಒಂದು ಪಾಳುಕೋಟೆ ಬರುತ್ತದೆ. ಅಲ್ಲೊಂದು ಆಡು ಕಟ್ಟಿದ್ದಾರೆ. ಒಳಗೆ ಹೋಗಲು ನೋಡಿದಾಗೆಲ್ಲ ಓಡಿ ಬಂದು ಗುದ್ದಿ ಕೆಡವುತ್ತದೆ. ಎಷ್ಟೋ ಜನ ಅಲ್ಲೇ ವಾರಗಟ್ಟಲೆ ನಿಂತಿದ್ದಾರೆ. ಕೋತಿಯ ಗುಟ್ಟು ಇವತ್ತು ಹೇಳಿಬಿಟ್ಟೆ. ಆಡಿನದ್ದು ಹೇಳುವುದಿಲ್ಲ. ನಮಸ್ಕಾರ.