ಹೋದರೆ ಎಲ್ಲರೂ ಹೋಗೋಣ

ಕೇಳುಗರಿಗೆಲ್ಲ ನಮಸ್ಕಾರ. ಕಾಲೇಜು ತಂಡದಲ್ಲಿ ಆಡುವ ಹುಡುಗರು, ಹುಡುಗಿಯರು ಯಾರಾದರೂ ಈಗ ರೇಡಿಯೋ ಹತ್ತಿರ ಇದ್ದರೆ ಸ್ವಲ್ಪ ಹೊತ್ತು ಅಲ್ಲೇ ಕೂತಿರಿ. ನಾನು ಯಾವ ತಂಡಕ್ಕೆ ತರಬೇತಿ ಕೊಟ್ಟರೂ ಮೊದಲ ದಿನವೇ ಹೇಳುವ ಕಥೆ ಇದು. 1951ರಲ್ಲಿ ಒಂದು ತಂಡ ಒಂಬತ್ತು ಪಂದ್ಯ ಆಡಿತು. ಒಂಬತ್ತನ್ನೂ ಗೆದ್ದಿತು. ಆ ಋತು ಮುಗಿಯುತ್ತಲೇ ತಂಡವನ್ನೇ ಮುಚ್ಚಿಬಿಟ್ಟರು.

ಅದು ಅಮೆರಿಕದ ಯೂನಿವರ್ಸಿಟಿ ಆಫ್ ಸ್ಯಾನ್ ಫ್ರಾನ್ಸಿಸ್ಕೊ. ಹೆಸರು ದೊಡ್ಡದು, ಕಾಲೇಜು ಚಿಕ್ಕದು. ನಮ್ಮ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು ಇದೆಯಲ್ಲ, ಅದನ್ನು ಕಟ್ಟಿದ ಯೇಸು ಸಭೆಯ ಪಾದ್ರಿಗಳದೇ ಸಂಸ್ಥೆ. ತಂಡದ ಹೆಸರು ಡಾನ್ಸ್. ಕೋಚ್ ಜೋ ಕುಹಾರಿಚ್. ಎರಡನೇ ಮಹಾಯುದ್ಧ ಮುಗಿದು ಆರು ವರ್ಷವಾಗಿತ್ತು. ತಂಡದ ಗೀನೊ ಮಾರ್ಕೆಟಿ 18ರ ವಯಸ್ಸಿಗೇ ಯುರೋಪಿನ ಹಿಮದಲ್ಲಿ ಬಲ್ಜ್ ಕಾಳಗ ಕಂಡು ಬಂದವನು.

ಅವರು ಆಡುತ್ತಿದ್ದುದು ಅಮೆರಿಕನ್ ಫುಟ್‌ಬಾಲ್. ಇದು ನಾವು ಆಡುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡಬೇಕು, ಎದುರಿನವರು ಹಿಡಿದು ಕೆಡವುತ್ತಾರೆ. ಕಬಡ್ಡಿ ಆಡಿದವರಿಗೆ ಬೇಗ ಅರ್ಥವಾಗುತ್ತದೆ. ಇಷ್ಟು ಗೊತ್ತಿದ್ದರೆ ಸಾಕು.

ತಂಡದಲ್ಲಿ ಇಬ್ಬರು ಕಪ್ಪು ವರ್ಣದವರಿದ್ದರು. ಆಲಿ ಮ್ಯಾಟ್ಸನ್ ಮತ್ತು ಬರ್ಲ್ ಟೋಲರ್. ಈ ಎರಡು ಹೆಸರು ನೆನಪಿಟ್ಟುಕೊಳ್ಳಿ.

ಆ ವರ್ಷ ಡಾನ್ಸ್ ನ್ಯೂಯಾರ್ಕಿಗೆ ಹೋಗಿ ಫೋರ್ಡಮ್ ಮೇಲೆ ಆಡಿತು. ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಪ್ರಯಾಣ. ಅಲ್ಲಿನ ಒಂದು ಕ್ಷಣವನ್ನು ನಿಧಾನವಾಗಿ ಹೇಳುತ್ತೇನೆ, ಕಣ್ಣ ಮುಂದೆ ತಂದುಕೊಳ್ಳಿ. ಎದುರಿನವರು ಚೆಂಡನ್ನು ದೂರಕ್ಕೆ ಒದೆಯುತ್ತಾರೆ. ಒದ್ದ ಕೂಡಲೇ ಹನ್ನೊಂದು ಜನ ನಿಮ್ಮ ಕಡೆಗೇ ನುಗ್ಗುತ್ತಾರೆ. ನೀವು ಚೆಂಡು ಹಿಡಿದು ಆ ಹನ್ನೊಂದು ಜನರನ್ನೂ ದಾಟಬೇಕು. ಇಪ್ಪತ್ತು, ಇಪ್ಪತ್ತೈದು ಗಜ ಓಡಿದರೆ ಸಾಕು, ಸಹಪಾಠಿಗಳು ಚಪ್ಪಾಳೆ ಹೊಡೆಯುತ್ತಾರೆ. ಮೈದಾನ ಇರುವುದೇ 100 ಗಜ. ಮ್ಯಾಟ್ಸನ್ ಸುಮಾರು 90 ಗಜ ಓಡಿ ಗೆರೆ ಮುಟ್ಟಿದ. ಒಂದು ಸಲ ಅಲ್ಲ, ಅದೇ ಪಂದ್ಯದಲ್ಲಿ ಎರಡು ಸಲ! ಡಾನ್ಸ್ 32-26ರಿಂದ ಗೆದ್ದಿತು.

ಅವನ ಕಾಲು ನೋಡಿದ್ದು ಸಾಕು, ಸುತ್ತಲಿನ ಹುಡುಗರನ್ನು ನೋಡಿ. ಈ ಆಟದಲ್ಲಿ ಯಾರೂ ಒಬ್ಬನೇ ಓಡಲು ಆಗುವುದಿಲ್ಲ. ಅಡ್ಡ ಬರುವವರಿಗೆ ಜೊತೆಯವರು ಹೆಗಲು ಕೊಟ್ಟು ಗುದ್ದಬೇಕು, ತಾವು ಬಿದ್ದು ದಾರಿ ಬಿಡಿಸಬೇಕು. ಮ್ಯಾಟ್ಸನ್‌ಗೆ ದಾರಿ ಬಿಡಿಸಿದವರು ಬಿಳಿಯ ಹುಡುಗರು. ವಾರವಾರವೂ ಬಿಡಿಸಿದರು. ಆ ಋತುವಿನಲ್ಲಿ ಅವನು ಓಡಿದ್ದು 1,566 ಗಜ. ಇಡೀ ದೇಶಕ್ಕೇ ಅವನು ಮೊದಲು.

ಕೊನೆಯ ಪಂದ್ಯ ಪ್ಯಾಸಡೀನಾದ ರೋಸ್ ಬೌಲ್ ಕ್ರೀಡಾಂಗಣದಲ್ಲಿ ಲೊಯೋಲ ಮೇಲೆ. 20-2ರಿಂದ ಗೆಲುವು. ಅಲ್ಲಿಗೆ ಒಂಬತ್ತಕ್ಕೆ ಒಂಬತ್ತು.

ಋತು ಮುಗಿದ ಮೇಲೆ, ಹೊಸ ವರ್ಷದ ಹೊತ್ತಿಗೆ, ‘ಬೌಲ್’ ಎನ್ನುವ ದೊಡ್ಡ ಪಂದ್ಯಗಳು ನಡೆಯುತ್ತವೆ. ಅಲ್ಲಿ ಆಡಬೇಕಾದರೆ ಗೆದ್ದರಷ್ಟೇ ಸಾಲದು, ಕರೆ ಬರಬೇಕು. ಕರೆ ಬಂದರೆ ದುಡ್ಡು ಬರುತ್ತದೆ. ಈ ಕಾಲೇಜಿಗೆ ದುಡ್ಡು ಬೇಕೇ ಬೇಕಿತ್ತು. ಅದೇ ಊರಿನಲ್ಲಿ ಫಾರ್ಟಿನೈನರ್ಸ್ ಎಂಬ ವೃತ್ತಿಪರ ತಂಡ ಬೇರೆ ಇತ್ತು, ಜನ ಅತ್ತ ವಾಲುತ್ತಿದ್ದರು. ಫುಟ್‌ಬಾಲ್ ಅಂದರೆ ಕಾಲೇಜಿಗೆ ನಷ್ಟವೇ ಆಗಿತ್ತು. ಇಂಥ ಹೊತ್ತಿನಲ್ಲಿ, ವರ್ಣಭೇದ ಇನ್ನೂ ಇದ್ದ ದಕ್ಷಿಣದ ರಾಜ್ಯಗಳಿಂದ ಮಾತು ಬಂತು. ಬರಬಹುದು, ಆದರೆ ಆ ಇಬ್ಬರನ್ನು ಬಿಟ್ಟು ಬನ್ನಿ.

ಹುಡುಗರು ಒಲ್ಲೆ ಅಂದರು. ಹೋದರೆ ಎಲ್ಲರೂ, ಇಲ್ಲದಿದ್ದರೆ ಯಾರೂ ಬೇಡ. ದೊಡ್ಡ ಚರ್ಚೆಯೂ ನಡೆಯಲಿಲ್ಲ.

‘ಸಾರ್, ಇಬ್ಬರನ್ನು ಬಿಟ್ಟು ಹೋಗಿದ್ದರೆ ತಂಡ ಉಳಿಯುತ್ತಿತ್ತಲ್ವಾ?’ ಅಂತ ಪ್ರತಿ ಸಲ ಒಬ್ಬರಾದರೂ ಕೇಳುತ್ತಾರೆ. ದಯವಿಟ್ಟು ಹಾಗೆ ಕೇಳಬೇಡಿ. ಜೊತೆಗೆ ಬಿದ್ದು ಎದ್ದ ಇಬ್ಬರನ್ನು ಮನೆಯಲ್ಲಿ ಕೂರಿಸಿ ಹೋದರೆ ಅದನ್ನು ತಂಡ ಅಂತ ಯಾವ ಬಾಯಲ್ಲಿ ಕರೆಯುವುದು? ಹೋದರೆ ಎಲ್ಲರೂ ಹೋಗಬೇಕು. ಇನ್ನೊಮ್ಮೆ ಹೇಳುತ್ತೇನೆ, ಎಲ್ಲರೂ.

ಸಮಯ ಆಗುತ್ತಾ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ಕಾಲೇಜು ಫುಟ್‌ಬಾಲ್ ನಿಲ್ಲಿಸಿತು. ಮ್ಯಾಟ್ಸನ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಓಟದಲ್ಲಿ ಕಂಚು, ರಿಲೇಯಲ್ಲಿ ಬೆಳ್ಳಿ ಗೆದ್ದ. ಅವನು, ಮಾರ್ಕೆಟಿ, ಆರಡಿ ಒಂಬತ್ತಂಗುಲದ ಬಾಬ್ ಸೇಂಟ್ ಕ್ಲೇರ್, ಮೂವರೂ ವೃತ್ತಿಪರ ಫುಟ್‌ಬಾಲ್‌ನ ಹಾಲ್ ಆಫ್ ಫೇಮ್, ಅಂದರೆ ಶ್ರೇಷ್ಠರ ಗೌರವ ಪಟ್ಟಿ, ಸೇರಿದರು. ಒಂದೇ ಕಾಲೇಜು ತಂಡದಿಂದ ಮೂವರು! ತಂಡದ ಪ್ರಚಾರ ನೋಡಿಕೊಳ್ಳುತ್ತಿದ್ದ ಪೀಟ್ ರೋಝೆಲ್ ಎಂಬ ಯುವಕ 1960ರಲ್ಲಿ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ಕಮಿಷನರ್, ಅಂದರೆ ಮುಖ್ಯಸ್ಥ, ಆದ.

ಟೋಲರ್‌ಗೆ ಮಾತ್ರ 1952ರಲ್ಲೇ ಮಂಡಿ ಪೆಟ್ಟಾಗಿ ಆಟ ಮುಗಿಯಿತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮೇಷ್ಟ್ರಾದ, ಆಮೇಲೆ ಹೆಡ್‌ಮಾಸ್ಟರ್ ಆದ. 1965ರಲ್ಲಿ ಎನ್‌ಎಫ್‌ಎಲ್‌ನ ಮೊದಲ ಕಪ್ಪು ವರ್ಣದ ಅಂಪೈರಿಂಗ್ ಅಧಿಕಾರಿಯಾದ. 1980ರ ಜನವರಿಯಲ್ಲಿ, ಇಡೀ ಅಮೆರಿಕ ಕೂತು ನೋಡುವ ಲೀಗ್ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ತೀರ್ಪು ಕೊಡಲು ಮೈದಾನಕ್ಕೆ ಇಳಿದ. ಕಮಿಷನರ್ ರೋಝೆಲ್. ಮೈದಾನ, ಅದೇ ಪ್ಯಾಸಡೀನಾದ ರೋಸ್ ಬೌಲ್.

ನಮಸ್ಕಾರ.