ಬೆನ್ನ ಮೇಲೊಂದು ಸೀಮೆಸುಣ್ಣದ ಗೀಟು

ನಮಸ್ಕಾರ. ಐರಿಷ್ ಮದುವೆ ಅಂದ ಕೂಡಲೇ ಎಲ್ಲರೂ ತೋರಿಸುವುದು ಕ್ಲಾಡಾ ಉಂಗುರವನ್ನು. ಗಾಲ್ವೇ ಪಕ್ಕದ ಮೀನುಗಾರರ ಹಳ್ಳಿಯಿಂದ ಬಂದ ಹೆಸರು ಅದು. ಎರಡು ಕೈ ಹಿಡಿದ ಹೃದಯ, ಮೇಲೊಂದು ಕಿರೀಟ. ಮದುವೆ ದಿನ ಮಳೆ ಬಾರದಿರಲಿ ಅಂತ ಹಿಂದಿನ ರಾತ್ರಿ ಪ್ರಾಗ್ ಬಾಲಯೇಸುವಿನ ವಿಗ್ರಹವನ್ನು ಮನೆಯ ಹೊರಗಿಡುತ್ತಾರೆ, ಇವತ್ತಿಗೂ. ಇವೆಲ್ಲ ನನಗೂ ಇಷ್ಟವೇ. ಆದರೆ ಇವತ್ತು ಮದುವೆಯಾಗದೆ ಉಳಿದವರ ಬಗ್ಗೆ ಮಾತಾಡಬೇಕು.

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಕ್ಯಾಥೊಲಿಕರ ಮದುವೆ ನಡೆಯುತ್ತಿರಲಿಲ್ಲ. ಹಾಗಾಗಿ ಐರ್ಲೆಂಡಿನ ಹಳ್ಳಿಗಳಲ್ಲಿ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಬರುವುದರೊಳಗೆ ಸಂಬಂಧ ಕುದುರಿಸುವ ಗಡಿಬಿಡಿ. ಅದರ ಹಿಂದಿನ ಮಂಗಳವಾರ ಮದುವೆಗಳೋ ಮದುವೆಗಳು. ಅಷ್ಟರಲ್ಲಿ ಆಗಲಿಲ್ಲ ಅಂದರೆ? ತಪಸ್ಸುಕಾಲದ ಮೊದಲ ಭಾನುವಾರಕ್ಕೆ ಚಾಕ್ ಸಂಡೇ ಅಂತಲೇ ಹೆಸರು. ಪೂಜೆಗೆ ಹೋಗುವಾಗ ಹುಡುಗರು ಹಿಂದಿನಿಂದ ಬಂದು, ಮದುವೆಯಾಗದವರ ಬೆನ್ನಿಗೆ ಸೀಮೆಸುಣ್ಣದ ಗೀಟು ಎಳೆದು ಓಡುತ್ತಿದ್ದರು. ಇಡೀ ಊರಿನ ಮುಂದೆ.

ಅಷ್ಟಕ್ಕೇ ಮುಗಿಯಲಿಲ್ಲ. ಐರ್ಲೆಂಡಿನ ಕೆರ್ರಿ ಜಿಲ್ಲೆಯ ಕರಾವಳಿಯಾಚೆ ಇರುವ ಸ್ಕೆಲ್ಲಿಗ್ ದ್ವೀಪದಲ್ಲಿ ತಪಸ್ಸುಕಾಲ ತಡವಾಗಿ ಶುರುವಾಗುತ್ತದೆ ಅಂತ ನಂಬಿಕೆಯಿತ್ತು. ‘ಅಲ್ಲಿಗೆ ಹೋಗಿ ಮದುವೆಯಾಗಿ’ ಅಂತ ಅಣಕ. ಯಾರ ಜೊತೆ ಯಾರು ಅಂತ ಜೋಡಿ ಮಾಡಿ ಪದ್ಯ ಕಟ್ಟಿ ಹಂಚುತ್ತಿದ್ದರು. ಕಾರ್ಕ್ ನಗರದಲ್ಲಿ ಅದನ್ನು ಅಚ್ಚು ಕೂಡ ಹಾಕಿಸುತ್ತಿದ್ದರು.

ಸುಮ್ನೆ ತಮಾಷೆ ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. 1845ರಲ್ಲಿ ಶುರುವಾದ ಮಹಾಕ್ಷಾಮದ ನಂತರ ಜಮೀನು ಪಾಲಾಗುವುದು ಬಹುಮಟ್ಟಿಗೆ ನಿಂತಿತು. ಸಾಮಾನ್ಯವಾಗಿ ಒಬ್ಬ ಮಗನಿಗೆ ಜಮೀನು, ಒಬ್ಬ ಮಗಳಿಗೆ ವರದಕ್ಷಿಣೆ. ಉಳಿದವರು ಹಡಗು ಹತ್ತಬೇಕು, ಇಲ್ಲವೇ ಅಣ್ಣನ ಮನೆಯಲ್ಲಿ ದುಡಿಯುತ್ತಾ ಇರಬೇಕು. ಜಮೀನು ಸಿಗುವವನೂ ಅಪ್ಪ ಬಿಟ್ಟುಕೊಡುವ ತನಕ ಕಾಯಬೇಕು. ಅಷ್ಟೊತ್ತಿಗೆ ಕೂದಲು ನರೆತಿರುತ್ತಿತ್ತು. ಇದರಲ್ಲಿ ಅವರ ತಪ್ಪೇನಿತ್ತು? ಹೊಲವಿಲ್ಲದ್ದಕ್ಕೆ, ದುಡ್ಡಿಲ್ಲದ್ದಕ್ಕೆ ಆ ಗೀಟು. ನೆನೆಸಿಕೊಂಡರೆ ನನಗೆ ಈಗಲೂ ಸಂಕಟವಾಗುತ್ತದೆ.

ಅದೇ ಊರುಗಳಲ್ಲಿ ಇನ್ನೊಂದು ಪದ್ಧತಿಯಿತ್ತು, ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು: ಸ್ಟ್ರಾಬಾಯ್ಸ್. ಒಣಹುಲ್ಲು ಹೆಣೆದ ಚೂಪು ಟೋಪಿಯಲ್ಲಿ ಮುಖ ಮುಚ್ಚಿಕೊಂಡು, ಕರೆಯದೇ ಮದುವೆ ಮನೆಗೆ ಬರುತ್ತಿದ್ದ ಗುಂಪು. ಅವರು ಬಂದರೆ ಮನೆಗೆ ಒಳ್ಳೆಯದಾಗುತ್ತದೆ ಅಂತ ನಂಬಿಕೆ. ಅವರ ಮುಂದಾಳು ಮದುಮಗಳ ಕೈ ಹಿಡಿದು ಕುಣಿಯುತ್ತಿದ್ದ. ಹುಲ್ಲಿನೊಳಗೆ ಯಾರಿದ್ದಾರೆ, ಹೋದ ವರ್ಷ ಯಾರ ಬೆನ್ನಿಗೆ ಗೀಟು ಬಿದ್ದಿತ್ತು, ಆ ರಾತ್ರಿ ಯಾರೂ ಕೇಳುವಂತಿರಲಿಲ್ಲ.